ನೀರಿಗೆ ಬೀಳುವವರಿಗೆ ಹೆಲ್ಮೆಟ್ ಯಾಕೆ?

2023ರಲ್ಲಿ ಪಣಂಬೂರು, 2024ರಲ್ಲಿ ಸಸಿಹಿತ್ಲು: ಇಂಡಿಯನ್ ಓಪನ್ ಸರ್ಫಿಂಗ್ ನಮ್ಮ ಕಡಲಲ್ಲೇ ನಡೆದ ಮೇಲೆ ಬೋರ್ಡು ಹಿಡಿದು ಬರುವ ಮಕ್ಕಳು ಹೆಚ್ಚಾಗಿದ್ದಾರೆ. ದೊಡ್ಡ ಗಾಳಿಪಟ ಸೊಂಟಕ್ಕೆ ಕಟ್ಟಿಕೊಂಡು ಅಲೆಯ ಮೇಲೆ ಓಡುವ ಕೈಟ್‌ಸರ್ಫಿಂಗ್ ಮಾತ್ರ ಇಲ್ಲಿ ಇನ್ನೂ ಅಪರೂಪ. ಕಲಿಯಬೇಕೆಂದವರು ಹೆಚ್ಚಾಗಿ ರಾಮೇಶ್ವರಕ್ಕೋ ಗೋವಾಕ್ಕೋ ಹೋಗುತ್ತಾರೆ. ಎರಡನ್ನೂ ಕಲಿಸುವ ನನಗೆ ಎದುರಾಗುವ ಪ್ರಶ್ನೆ ಒಂದೇ: "ನೀರಿಗೆ ಬೀಳುವುದಕ್ಕೂ ಹೆಲ್ಮೆಟ್ ಬೇಕಾ ಮಾರಾಯ್ರೆ?"

1. ಸರ್ಫಿಂಗ್‌ನಲ್ಲಿ ತಲೆಗೆ ಪೆಟ್ಟು ಕೊಡುವುದು ಹೆಚ್ಚಾಗಿ ನಮ್ಮದೇ ಬೋರ್ಡು. ಬಿದ್ದವರು ಉಸಿರಿಗಾಗಿ ಮೇಲೆ ಬರುವಾಗ ಅದು ನೆತ್ತಿಯ ಮೇಲೆಯೇ ತೇಲುತ್ತಿರುತ್ತದೆ. ಅದಕ್ಕೇ ಹೊಸಬರಿಗೆ ಫೋಮ್ ಬೋರ್ಡು, ಮೆತ್ತಗಿನ ಫಿನ್. ಮುಳುಗಿ ಏಳುವಾಗ ಎರಡೂ ತೋಳನ್ನು ತಲೆಗೆ ಅಡ್ಡ ಹಿಡಿಯುವುದನ್ನು ಮರಳಿನಲ್ಲೇ ರೂಢಿ ಮಾಡಿಸುತ್ತೇನೆ. ಮಕ್ಕಳಿಗೆ ಹೆಲ್ಮೆಟ್ ಇಲ್ಲದೆ ನೀರಿಲ್ಲ.

2. ಸರ್ಫಿಂಗ್‌ನಲ್ಲಿ ಬೋರ್ಡನ್ನು ಕಾಲಿಗೆ ಕಟ್ಟುವ ಲೀಶ್ ಬೇಕೇ ಬೇಕು. ಕೈಟ್‌ನಲ್ಲಿ ಅದೇ ಲೀಶ್ ಅಪಾಯ. ಬಿದ್ದವರನ್ನು ಕೈಟ್ ಮುಂದಕ್ಕೆ ಎಳೆಯುತ್ತದೆ, ಬೋರ್ಡು ಹಿಂದೆ ನೀರಿನಲ್ಲಿ ಸಿಕ್ಕಿಕೊಳ್ಳುತ್ತದೆ, ನಡುವಿನ ಲೀಶ್ ರಬ್ಬರಿನಂತೆ ಹಿಗ್ಗಿ ಬೋರ್ಡನ್ನು ನೇರ ಹಿಂದಲೆಗೆ ಬೀಸುತ್ತದೆ.

3. ನಮ್ಮ ದಡವನ್ನು ನೋಡಿ ತೀರ್ಮಾನಿಸಿ. ಕಡಲ್ಕೊರೆತ ತಡೆಯಲು ಉಳ್ಳಾಲದ ಕಡೆ ಸುರಿದ ಬಂಡೆಗಳಿವೆ, ಸೋಮೇಶ್ವರದಲ್ಲಿ ರುದ್ರಪಾದೆ ಎಂಬ ಬಂಡೆ ಇದೆ, ಹಿಂದೆ ತೆಂಗಿನ ಸಾಲು. ಬೇಸಿಗೆಯ ಮಧ್ಯಾಹ್ನ ಗಾಳಿ ಕಡಲಿನಿಂದ ದಡಕ್ಕೇ ಬೀಸುತ್ತದೆ. ಹಿಡಿತ ತಪ್ಪಿದ ಕೈಟ್ ಆಳನ್ನು ಎತ್ತಿಕೊಂಡು ಹೋಗುವುದು ಇವುಗಳ ಕಡೆಗೇ. ಕೈಟ್‌ಗೆ ಹೆಲ್ಮೆಟ್ ಕಡ್ಡಾಯ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಅದನ್ನೂ ಕೈಟ್ ಏರಿಸುವ ಮೊದಲೇ, ದಡದಲ್ಲೇ ಬಿಗಿಯಬೇಕು.

4. "ಚೆನ್ನಾಗಿ ಬಲ್ಲವರಿಗೆ ಬೇಡ" ಎನ್ನುವವರಿಗೆ ಓವನ್ ರೈಟ್ ಕಥೆ ಹೇಳುತ್ತೇನೆ. ಆಸ್ಟ್ರೇಲಿಯಾದ ಈ ಸರ್ಫರ್‌ಗೆ 2015ರಲ್ಲಿ ಹವಾಯಿಯ ಪೈಪ್‌ಲೈನ್ ಎಂಬ ಅಲೆಯಲ್ಲಿ ಮಿದುಳಿಗೆ ಪೆಟ್ಟಾಯಿತು; ನಡೆಯುವುದನ್ನೇ ಮತ್ತೆ ಕಲಿಯಬೇಕಾಯಿತು. ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. 2024ರಲ್ಲಿ ಕೈಟ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಮಾರ್ಸೇಲ್‌ನಲ್ಲಿ ಸ್ಪರ್ಧಿಗಳು ಹೆಲ್ಮೆಟ್ ತೊಟ್ಟೇ ಇಳಿದರು.

5. ಬೈಕಿನ ಹೆಲ್ಮೆಟ್ ತರಬೇಡಿ. ಒಳಗಿನ ಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಅಲೆ ಹೊಡೆದಾಗ ನೀರು ತುಂಬಿ ಕುತ್ತಿಗೆಯನ್ನೇ ಹಿಂದಕ್ಕೆ ಜಗ್ಗುತ್ತದೆ. ಇಎನ್ 1385 ಗುರುತಿರುವ, ನೀರು ಇಳಿದುಹೋಗುವ ತೂತುಗಳಿರುವ ಜಲಕ್ರೀಡೆಯ ಹೆಲ್ಮೆಟ್ ಕೊಳ್ಳಿ. ಕಿವಿ ಪೂರ್ತಿ ಮುಚ್ಚುವುದು ಬೇಡ. ಲೈಫ್‌ಗಾರ್ಡ್ ಸೀಟಿ ಕೇಳಬೇಕು. ಗಲ್ಲದ ಪಟ್ಟಿ ಬಿಗಿದ ಮೇಲೆ ತಲೆ ಅಲ್ಲಾಡಿಸಿ: ಹೆಲ್ಮೆಟ್ ಹಣೆಯಿಂದ ಜಾರಿದರೆ ಅದು ನಿಮ್ಮ ಅಳತೆಯದಲ್ಲ.

6. ಇಂಪ್ಯಾಕ್ಟ್ ವೆಸ್ಟ್ ಪಕ್ಕೆಲುಬು ಕಾಯುತ್ತದೆ, ಆದರೆ ಅದು ಲೈಫ್‌ಜಾಕೆಟ್ ಅಲ್ಲ. ಕೈಟ್‌ನಲ್ಲಿ ದಾರ ಕತ್ತರಿಸುವ ಚಾಕು ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನಲ್ಲೇ ಇರಲಿ. ಪಾದೆಗಳ ಹತ್ತಿರ ಕಾಲಿಗೆ ರಬ್ಬರ್ ಶೂ ಹಾಕಿ, ಪಚ್ಚಿಲೆಯ ಚಿಪ್ಪು ಬ್ಲೇಡಿನಷ್ಟು ಹರಿತ.

7. ಮೀನುಗಾರರು ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಹೊತ್ತಿನಲ್ಲಿ ಅಲ್ಲಿ ಕೈಟ್ ಬಿಚ್ಚಲೇಬಾರದು. ನಮ್ಮ ಹೆಲ್ಮೆಟ್ ನಮ್ಮ ತಲೆಯನ್ನಷ್ಟೇ ಕಾಯುತ್ತದೆ. ಹಗ್ಗ ಹಿಡಿದು ನಿಂತ ಮೀನುಗಾರರ ತಲೆಗೆ ಏನೂ ಇರುವುದಿಲ್ಲ.

8. ಕಲಿಸುವವರಲ್ಲಿ ಒಂದು ಕೋರಿಕೆ: ಮಕ್ಕಳ ಅಳತೆಯ ಹೆಲ್ಮೆಟ್ ಇಟ್ಟುಕೊಳ್ಳಿ, ಅದಕ್ಕೆ ಬೇರೆ ಬಾಡಿಗೆ ಕೇಳಬೇಡಿ. ಕೇಳಿದರೆ ಅಪ್ಪ ಅಮ್ಮ ಮೊದಲು ಕೈಬಿಡುವುದು ಅದನ್ನೇ.