ಮೂತ್ರದಲ್ಲಿ ನೊರೆ: ಅಲಕ್ಷ್ಯ ಬೇಡ



ಬೆಳಗೊಳದ ಬಯಲಿನಲ್ಲಿ ದಿನವಿಡೀ ಬಿಸಿಲಿಗೆ ದುಡಿದು, ನೀರು ಸಾಲದೆ ಹೋದಾಗ ಮೂತ್ರವು ಹಳದಿಯಾಗಿ ನೊರೆಗಟ್ಟುವುದುಂಟು. ರಭಸದಿಂದ ಬಿದ್ದಾಗಲೂ ನೊರೆ ಏಳುವುದು. ಅದು ಬೇಗ ಅಡಗಿದರೆ ಹೆದರಬೇಕಾಗಿಲ್ಲ. ಚೆನ್ನಾಗಿ ನೀರು ಕುಡಿದರೂ ಹಲವು ದಿನ ನೊರೆ ಅಡಗದೆ ನಿಂತರೆ ಪರೀಕ್ಷೆ ಮಾಡಿಸತಕ್ಕದ್ದು.

ಇದಕ್ಕೆ ಕಾರಣವೇನು? ಬೆನ್ನಿನ ಎರಡು ಪಕ್ಕದಲ್ಲಿರುವ ಮೂತ್ರಪಿಂಡಗಳು ರಕ್ತವನ್ನು ಸೋಸುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಜರಡಿಗಳಿವೆ. ಇವು ಕಸವನ್ನು ಹೊರಹಾಕಿ, ಸಸಾರಜನಕವನ್ನು ದೇಹದಲ್ಲೇ ಉಳಿಸುತ್ತವೆ. ಜರಡಿ ಕೆಟ್ಟರೆ ಸಸಾರಜನಕವು ಮೂತ್ರಕ್ಕೆ ಸೋರಿ, ಮೊಟ್ಟೆಯ ಬಿಳಿಯನ್ನು ಕಡೆದಂತೆ ನೊರೆ ನಿಲ್ಲುವುದು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದಕ್ಕೆ ಮುಖ್ಯ ಕಾರಣಗಳು.

ಈ ರೋಗಕ್ಕೆ ಮೊದಲು ನೋವಿಲ್ಲ. ಕಾಲು, ಮುಖ ಊದುವವರೆಗೆ ಕಾಯಬೇಡಿ. ಹಾಳಾದ ಜರಡಿ ಮತ್ತೆ ಹುಟ್ಟುವುದಿಲ್ಲ, ಉಳಿದುದನ್ನು ಕಾಪಾಡಬಹುದು.

ಮಾಡಬೇಕಾದುದು:

1. ಸರ್ಕಾರಿ ಆಸ್ಪತ್ರೆಯಲ್ಲಿ ಬೆಳಗಿನ ಮೂತ್ರದ ಅಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

2. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ನೊರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಮಾಡಿಸಿ.

3. ಕಬ್ಬು ಕಡಿದ ಮೈನೋವಿಗೆ ಅಂಗಡಿಯ ನೋವಿನ ಮಾತ್ರೆಯನ್ನು ದಿನವೂ ನುಂಗಬೇಡಿ.

4. ಉಪ್ಪು ಕಡಿಮೆ ಮಾಡಿ.

ಪೈರಿನ ಎಲೆಯಲ್ಲಿ ಚುಕ್ಕೆ ಕಂಡೊಡನೆ ಎಚ್ಚರಗೊಳ್ಳುವ ನೀವು, ನಿಮ್ಮ ದೇಹದ ಗುರುತನ್ನೂ ಹಾಗೆಯೇ ನೋಡಿರಿ.