ಕೋಣೆಯ ಬಿಸಿಯನ್ನು ಕಳೆದು ನೋಡಿ

ಪ್ರೊಸೆಸರ್ 84 ಡಿಗ್ರಿ ತೋರಿಸುತ್ತಿದೆ, ಥರ್ಮಲ್ ಪೇಸ್ಟ್ ಬದಲಾಯಿಸಬೇಕೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಕೋಣೆಯ ಉಷ್ಣತೆಯನ್ನು. ಡಿಸೆಂಬರಿನಲ್ಲಿ ಕೋಣೆ 26 ಡಿಗ್ರಿ ಇದ್ದಾಗ 84 ಬಂದರೆ ವ್ಯತ್ಯಾಸ 58. ಮೇ ತಿಂಗಳಲ್ಲಿ ಕೋಣೆ 37 ಇದ್ದಾಗ ಅದೇ 84 ಬಂದರೆ ವ್ಯತ್ಯಾಸ 47. ಪರದೆಯ ಮೇಲೆ ಸಂಖ್ಯೆ ಒಂದೇ ಆದರೂ ಎರಡನೆಯ ಯಂತ್ರದ ಶಾಖ ಚೆನ್ನಾಗಿ ಹೊರಹೋಗುತ್ತಿದೆ; ಮೊದಲನೆಯದರಲ್ಲಿ ಎಲ್ಲೋ ತೊಂದರೆ ಇದೆ. ಯಾವ ಪೇಸ್ಟ್ ಆಗಲಿ, ಯಾವ ಫ್ಯಾನ್ ಆಗಲಿ, ಪ್ರೊಸೆಸರನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಬೆಂಗಳೂರಿನಲ್ಲಿ ಕೂತು ಬರೆದವರ ಸಂಖ್ಯೆಗಳನ್ನು ಚೆನ್ನೈಗೆ ತಂದು ಹೋಲಿಸುವವರು ಈ ಒಂದು ಕಳೆಯುವ ಲೆಕ್ಕ ಮಾಡದೆ ಸುಮ್ಮನೆ ಗಾಬರಿಯಾಗುತ್ತಾರೆ.

ನಾನಿರುವುದು ಚೆನ್ನೈನ ಪಶ್ಚಿಮ ಮಾಂಬಳದಲ್ಲಿ. ಮದುವೆ, ಮುಂಜಿ, ಸಂಗೀತ ಕಚೇರಿಗಳ ವಿಡಿಯೊ ಎಡಿಟ್ ಮಾಡುವುದು ಕೆಲಸ. ಎಡಿಟ್ ಮುಗಿದ ಮೇಲೆ ರೆಂಡರ್‌ಗೆ ಹಾಕಿದರೆ ಪ್ರೊಸೆಸರ್ ಗಂಟೆಗಟ್ಟಲೆ ಪೂರ್ತಿ ಭಾರ ಹೊತ್ತು ದುಡಿಯುತ್ತದೆ. ಮಾಂಬಳ, ತ್ಯಾಗರಾಯ ನಗರ, ತಿರುವಲ್ಲಿಕ್ಕೇಣಿಗಳಲ್ಲಿ ಕನ್ನಡ ಮನೆಗಳು ಹಲವಿವೆ. ವಿಡಿಯೊ ಕೊಡಲು ಹೋದಲ್ಲೆಲ್ಲ “ನಮ್ಮ ಹುಡುಗನ ಕಂಪ್ಯೂಟರ್ ಒಂದು ಸಲ ನೋಡಿಬಿಡಿ” ಎನ್ನುತ್ತಾರೆ. ಹಾಗೆ ನೋಡುತ್ತ ನೋಡುತ್ತ ಕಲಿತದ್ದೇ ಇಲ್ಲಿರುವುದರಲ್ಲಿ ಹೆಚ್ಚಿನ ಪಾಲು.

ಇಲ್ಲಿನ ಬೇಸಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇ ಮೊದಲ ವಾರದಿಂದ ಕೊನೆಯ ವಾರದವರೆಗೆ ‘ಅಗ್ನಿ ನಕ್ಷತ್ರ’, ಊರವರ ಬಾಯಲ್ಲಿ ‘ಕತ್ತರಿ’. 2003ರ ಮೇ 31ರಂದು ಚೆನ್ನೈನಲ್ಲಿ 45 ಡಿಗ್ರಿ ದಾಖಲಾಗಿತ್ತು. ಸಾಮಾನ್ಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಬೀಸಿ ಊರು ಒಂದಿಷ್ಟು ಉಸಿರಾಡುತ್ತದೆ. ಪಡುವಣದ ಬಿಸಿಗಾಳಿ ಜೋರಾಗಿ ಕಡಲಗಾಳಿ ತಡವಾದ ದಿನ ಝಳ ಸಂಜೆಯವರೆಗೂ ಬಿಡುವುದಿಲ್ಲ. ಒಂದೇ ಯಂತ್ರ, ಒಂದೇ ಪೇಸ್ಟ್, ಒಂದೇ ಕೆಲಸ. ಆದರೂ ಹನ್ನೊಂದು ಗಂಟೆಯ ಸಂಖ್ಯೆಗೂ ಸಂಜೆ ಐದರ ಸಂಖ್ಯೆಗೂ ಹಲವು ಡಿಗ್ರಿ ಅಂತರ. ಬೆಳಗ್ಗೆ ಹಳೆಯ ಪೇಸ್ಟಿನಲ್ಲಿ ಅಳೆದು, ಸಂಜೆ ಹೊಸದು ಹಾಕಿ ಅಳೆದು “ಐದು ಡಿಗ್ರಿ ಇಳಿಯಿತು” ಎಂದು ಖುಷಿಪಡುವವರಿದ್ದಾರೆ. ಇಳಿದದ್ದು ಕೋಣೆ.

ಪೇಸ್ಟಿನ ಕೆಲಸವನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಪ್ರೊಸೆಸರಿನ ಮೇಲಿನ ಲೋಹದ ಮುಚ್ಚಳ, ಕೂಲರಿನ ತಳ ಎರಡೂ ಕಣ್ಣಿಗೆ ನುಣುಪಾಗಿ ಕಾಣುತ್ತವೆ. ಆದರೂ ಎರಡರಲ್ಲೂ ಕಣ್ಣಿಗೆ ಬೀಳದ ಏರುತಗ್ಗುಗಳಿವೆ. ಒಂದರ ಮೇಲೊಂದು ಕೂತಾಗ ನಡುವಿನ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಶಾಖ ಸಾಗಿಸುವುದರಲ್ಲಿ ಗಾಳಿಯಷ್ಟು ಸೋಮಾರಿ ಇನ್ನೊಂದಿಲ್ಲ: ತಾಮ್ರದ ಶಾಖವಾಹಕತೆ 400ರಷ್ಟಿದ್ದರೆ ಗಾಳಿಯದು 0.026. ಆ ಗಾಳಿಯನ್ನು ಹೊರದಬ್ಬಿ ಆ ಜಾಗ ತುಂಬುವುದಷ್ಟೇ ಪೇಸ್ಟಿನ ಕೆಲಸ. ಲೋಹಕ್ಕೆ ಲೋಹ ತಾಗುವ ಕಡೆ ಪೇಸ್ಟ್ ಇರದಿದ್ದರೇ ಒಳ್ಳೆಯದು, ಏಕೆಂದರೆ ಅತ್ಯುತ್ತಮ ಪೇಸ್ಟಿನ ವಾಹಕತೆಯೂ ತಾಮ್ರದ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಪದರ ತೆಳುವಾದಷ್ಟೂ ಲಾಭ.

ಒಂದು ಲೆಕ್ಕ ಹಾಕೋಣ. ಮುಚ್ಚಳದ ವಿಸ್ತೀರ್ಣ ಸುಮಾರು 9 ಚದರ ಸೆಂಟಿಮೀಟರ್, ಪದರದ ದಪ್ಪ 50 ಮೈಕ್ರಾನ್, ಹರಿಯುವ ಶಾಖ 100 ವಾಟ್ ಎಂದಿಟ್ಟುಕೊಳ್ಳಿ. ವಾಹಕತೆ 4 ಇರುವ ಪೇಸ್ಟಾದರೆ ಆ ಪದರದಲ್ಲಿ ಏರುವ ಉಷ್ಣತೆ ಸುಮಾರು 1.4 ಡಿಗ್ರಿ, 8 ಇರುವ ಪೇಸ್ಟಾದರೆ 0.7. ನಿಜವಾದ ಯಂತ್ರದಲ್ಲಿ ಶಾಖ ಮುಚ್ಚಳದ ನಡುಭಾಗದಲ್ಲೇ ಒತ್ತಾಗಿರುವುದರಿಂದ ಅಂತರ ಇನ್ನೂ ಸ್ವಲ್ಪ ಹೆಚ್ಚೀತು. ಆದರೂ ಒಳ್ಳೆಯ ಪೇಸ್ಟಿಗೂ ಬಹಳ ಒಳ್ಳೆಯ ಪೇಸ್ಟಿಗೂ ಡೆಸ್ಕ್‌ಟಾಪಿನಲ್ಲಿ ನಾನು ಕಂಡದ್ದು ಎರಡು ಮೂರು ಡಿಗ್ರಿಯ ಮಾತು. ಅದೇ, ಸ್ಕ್ರೂ ಸರಿಯಾಗಿ ಕೂರದೆ ಪದರ ಮೂರು ಪಟ್ಟು ದಪ್ಪವಾಯಿತೆನ್ನಿ, ದುಬಾರಿ ಪೇಸ್ಟ್ ಕೊಟ್ಟ ಲಾಭವೆಲ್ಲ ಅಲ್ಲೇ ಹೋಯಿತು.

ಕೊಳ್ಳಲು ನಾನು ಹೋಗುವುದು ಮೌಂಟ್ ರೋಡಿನಿಂದ ಒಳಗೆ ತಿರುಗಿದರೆ ಸಿಗುವ ರಿಚಿ ಸ್ಟ್ರೀಟಿಗೆ. ಅಲ್ಲಿ ಪೇಸ್ಟ್ ಕೇಳಿದರೆ ಅಂಗಡಿಯವರು ಟ್ಯೂಬಿನ ಮೇಲಿನ ವಾಹಕತೆಯ ಅಂಕಿಯನ್ನೇ ಮುಂದೆ ಹಿಡಿಯುತ್ತಾರೆ: “ಸಾರ್, ಇದು ಎಂಟೂವರೆ, ಅದು ಹನ್ನೆರಡೂವರೆ, ಅದನ್ನೇ ತಗೊಳ್ಳಿ.” ಆರ್ಕ್ಟಿಕ್ ಎಂಎಕ್ಸ್-4ರ ಅಂಕಿ 8.5, ಥರ್ಮಲ್ ಗ್ರಿಜ್ಲಿಯ ಕ್ರಯೊನಾಟ್‌ನದು 12.5, ನಿಜ. ಆದರೆ ಈ ಅಂಕಿಗಳನ್ನು ಎಲ್ಲ ಕಂಪನಿಗಳೂ ಒಂದೇ ಬಗೆಯಲ್ಲಿ ಅಳೆದಿಲ್ಲ. ಆಸ್ಟ್ರಿಯಾದ ನಾಕ್ಟುವಾದಂಥ ಹೆಸರಾಂತ ಕಂಪನಿ ತನ್ನ ಎನ್‌ಟಿ-ಎಚ್1ಗೆ ಇಂಥ ಅಂಕಿಯನ್ನೇ ಹಾಕುವುದಿಲ್ಲ, ಆದರೂ ಆ ಪೇಸ್ಟ್ ಯಾರಿಗೂ ಕಡಿಮೆಯಿಲ್ಲ. ನಾನು ನೋಡುವುದು ಬೇರೆ ಮೂರು ಸಂಗತಿ: ಟ್ಯೂಬ್ ಅಸಲಿಯೇ, ಹೊಸತೇ, ಬಿಸಿಲಿಗೆ ಬೀಳದ ಜಾಗದಲ್ಲಿತ್ತೇ. ಎಂಎಕ್ಸ್-4ರ ನಕಲುಗಳು ಸಾಕಷ್ಟು ಓಡಾಡುತ್ತವೆ. ಅಸಲಿ ಪ್ಯಾಕಿನ ಮೇಲಿನ ಕೋಡನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ರಸ್ತೆಗೆ ಮುಖ ಮಾಡಿದ ಗಾಜಿನ ಪೆಟ್ಟಿಗೆಯಲ್ಲಿ ಬೇಸಿಗೆ ಕಳೆದ ಟ್ಯೂಬನ್ನು ಒತ್ತಿದರೆ ಮೊದಲು ಎಣ್ಣೆ ಜಿನುಗುತ್ತದೆ, ಆಮೇಲೆ ಒಣಗಿದ ಪುಡಿಯಂಥ ಪೇಸ್ಟ್ ಬರುತ್ತದೆ. ಅಂಥದ್ದಕ್ಕಿಂತ ಒಳಗಿನ ಕಪಾಟಿನಿಂದ ತೆಗೆದುಕೊಟ್ಟ ಅಗ್ಗದ ಹೊಸ ಟ್ಯೂಬೇ ಮೇಲು.

ಅದೇ ಬೀದಿಯಲ್ಲಿ ಆಂಪ್ಲಿಫೈಯರ್, ಇನ್ವರ್ಟರ್ ರಿಪೇರಿಯವರ ಮೇಜಿನ ಮೇಲೆ ಬಿಳಿ ಪೇಸ್ಟ್ ಕಾಣುತ್ತದೆ. ಅನಬಾಂಡ್ 652ಸಿ. ಅನಬಾಂಡ್ ಚೆನ್ನೈನದೇ ಕಂಪನಿ. ಪವರ್ ಟ್ರಾನ್ಸಿಸ್ಟರನ್ನು ಹೀಟ್‌ಸಿಂಕಿಗೆ ಕೂರಿಸಲು ಈ ಬಿಳಿ ಸಿಲಿಕೋನ್ ಪೇಸ್ಟನ್ನು ದೇಶದ ರಿಪೇರಿ ಅಂಗಡಿಗಳು ಬಹುಕಾಲದಿಂದ ಬಳಸುತ್ತಿವೆ. ಈ ಬಗೆಯ ಬಿಳಿ ಪೇಸ್ಟುಗಳ ವಾಹಕತೆ ಸಾಮಾನ್ಯವಾಗಿ 1ರ ಆಸುಪಾಸು. “ಪ್ರೊಸೆಸರಿಗೆ ಅದನ್ನು ಹಚ್ಚಲೇಬಾರದು” ಎನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಲೆಕ್ಕ ಬರೆಯುವ, ಟೈಪ್ ಮಾಡುವ ಆಫೀಸಿನ 65 ವಾಟ್ ಯಂತ್ರಕ್ಕೆ ತೆಳ್ಳಗೆ ಹಚ್ಚಿದರೆ ನಾಲ್ಕೈದು ಡಿಗ್ರಿ ಹೆಚ್ಚಾದೀತು, ಅಷ್ಟೇ; ಒಣಗಿ ಬಿರುಕುಬಿಟ್ಟ ಹಳೆಯ ಪೇಸ್ಟಿಗಿಂತ ಎಷ್ಟೋ ವಾಸಿ. ರೆಂಡರ್ ಯಂತ್ರಕ್ಕೆ, ಲ್ಯಾಪ್‌ಟಾಪಿಗೆ ಮಾತ್ರ ಬೇಡ.

ಇನ್ನು ಕೂಲರ್ ಬಿಚ್ಚುವ ವಿಷಯ. ನನಗೆ ಅತಿ ಹೆಚ್ಚು ಕಲಿಸಿದ್ದು ಬಿಚ್ಚಿದ ಮೇಲೆ ಎರಡೂ ಮೈಗಳಲ್ಲಿ ಉಳಿಯುವ ಪೇಸ್ಟಿನ ಅಚ್ಚು. ಒರೆಸುವ ಆತುರ ಬೇಡ; ಮೊದಲು ಬೆಳಕಿಗೆ ಹಿಡಿದು ಅದನ್ನು ಓದಬೇಕು. ಪರಿಚಯದವರೊಬ್ಬರ ಮಗಳ ಯಂತ್ರ ರೆಂಡರಿಗೆ ಹಾಕಿದ ಕೂಡಲೇ 100 ಡಿಗ್ರಿ ಮುಟ್ಟಿ ವೇಗ ಇಳಿಸಿಕೊಳ್ಳುತ್ತಿತ್ತು. ಜೋಡಿಸಿಕೊಟ್ಟ ಅಂಗಡಿಯವರು ಪೇಸ್ಟ್ ಕೆಟ್ಟಿದೆ, ದುಬಾರಿಯದು ಹಾಕಿಸಿ ಎಂದಿದ್ದರು. ಇಂಟೆಲ್ ಜೊತೆಗೆ ಕೊಡುವ, ನಾಲ್ಕು ಪ್ಲಾಸ್ಟಿಕ್ ಪಿನ್ನುಗಳ ಕೂಲರ್ ಅದು. ಬಿಚ್ಚಿ ನೋಡಿದರೆ ಪ್ರೊಸೆಸರಿನ ಒಂದು ಅಂಚಿನಲ್ಲಿ ಪೇಸ್ಟ್ ಅಂಟಿದ ಗುರುತೇ ಇಲ್ಲ. ನಡುವೆ ದಪ್ಪ ಬೂದುಬಣ್ಣ. ಎದುರಿನ ಅಂಚಿನಲ್ಲಿ ಮಾತ್ರ ಲೋಹ ಕಾಣುವಷ್ಟು ತೆಳು. ಬೋರ್ಡನ್ನು ಮಗುಚಿದಾಗ ಕಾರಣ ಕಂಡಿತು: ಒಂದು ಪಿನ್ನಿನ ಬಿಳಿ ಕಾಲುಗಳು ಬೋರ್ಡಿನ ಹಿಂದೆ ಪೂರ್ತಿ ಅರಳಿಕೊಂಡಿರಲಿಲ್ಲ, ಕೂಲರ್ ಓರೆಯಾಗಿ ಕೂತಿತ್ತು. ಆ ಪೇಸ್ಟಿನಲ್ಲಿ ಯಾವ ದೋಷವೂ ಇರಲಿಲ್ಲ. ಒರೆಸಿ, ಸಾಧಾರಣ ಪೇಸ್ಟನ್ನೇ ಹಾಕಿ, ಎದುರುಬದುರು ಪಿನ್ನುಗಳನ್ನು ಜೋಡಿಜೋಡಿಯಾಗಿ ‘ಟಕ್’ ಎನ್ನುವವರೆಗೆ ಒತ್ತಿದೆ. ಅದೇ ಮಧ್ಯಾಹ್ನ, ಅದೇ ಕೋಣೆಯಲ್ಲಿ ಯಂತ್ರ ಎಂಬತ್ತರೊಳಗೆ ನಿಂತಿತು. ಸ್ಕ್ರೂ ಇರುವ ಕೂಲರಿನಲ್ಲೂ ಹಾಗೆಯೇ: ಒಂದನ್ನೇ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬಾರದು, ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕೂಲರ್ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆಯದೆ ಕೂರಿಸಿಕೊಟ್ಟ ಯಂತ್ರವನ್ನೂ ಕಂಡಿದ್ದೇನೆ. ಅಚ್ಚು ನೋಡಿದರೆ ಇವೆಲ್ಲ ತಾನಾಗಿ ಗೊತ್ತಾಗುತ್ತವೆ.

ಎಎಂಡಿಯ ಎಎಂ4 ಯಂತ್ರವಾದರೆ ಬಿಚ್ಚುವಾಗಲೇ ಹುಷಾರಾಗಿರಬೇಕು. ಅದರ ಪಿನ್ನುಗಳಿರುವುದು ಪ್ರೊಸೆಸರಿನ ಹೊಟ್ಟೆಗೆ, ಒಟ್ಟು 1331. ಹಳೆಯ ಪೇಸ್ಟ್ ಗಟ್ಟಿ ಹಿಡಿದಿದ್ದಾಗ ಕೂಲರನ್ನು ನೆಟ್ಟಗೆ ಮೇಲಕ್ಕೆ ಎಳೆದರೆ ಸಾಕೆಟ್ಟಿನ ಕೊಂಡಿ ಹಾಕಿದ್ದರೂ ಪ್ರೊಸೆಸರ್ ಅಂಟಿಕೊಂಡೇ ಮೇಲೆ ಬರುತ್ತದೆ, ಪಿನ್ನು ಬಗ್ಗುತ್ತದೆ. ಯಂತ್ರವನ್ನು ಸ್ವಲ್ಪ ಹೊತ್ತು ಕೆಲಸಕ್ಕೆ ಹಚ್ಚಿ ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತೇನೆ. ಹಿಡಿತ ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ. ಆಮೇಲೆ ಎತ್ತಬೇಕು. 2022ರಲ್ಲಿ ಬಂದ ಎಎಂ5ರಲ್ಲಿ ಪಿನ್ನುಗಳು ಸಾಕೆಟ್ಟಿಗೆ ಹೋಗಿರುವುದರಿಂದ ಈ ಭಯವಿಲ್ಲ.

ಒರೆಸಲು ಮೊಬೈಲ್ ರಿಪೇರಿಯವರು ‘ಐಪಿಎ’ ಎಂದು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು; ರಿಚಿ ಸ್ಟ್ರೀಟಿನಲ್ಲಿ ಬಾಟಲಿಯಲ್ಲಿ ಸಿಗುತ್ತದೆ. ಹಳೆಯ ಬನಿಯನ್ ಬಟ್ಟೆ ನೂಲೆಳೆ ಬಿಡುತ್ತದೆ, ಉಗುರುಬಣ್ಣ ತೆಗೆಯುವ ದ್ರವದ ಸುಗಂಧತೈಲ ಮೈಗೆ ಅಂಟಿಕೊಳ್ಳುತ್ತದೆ; ಎರಡೂ ಬೇಡ. ಪೇಸ್ಟ್ ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದಾಗಿ ನಡುವೆ ಒಂದು ಬೊಟ್ಟು. ಉದ್ದನೆಯ ಮುಚ್ಚಳದ ಪ್ರೊಸೆಸರಾದರೆ ಮೂಲೆಯಿಂದ ಮೂಲೆಗೆ ತೆಳುವಾದ ಗುಣಿಸು ಚಿಹ್ನೆ. ಬೊಟ್ಟೋ ಗೆರೆಯೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಕೂಲರಿನ ಒತ್ತಡವೇ ಅದನ್ನು ಹರಡುತ್ತದೆ, ಹೆಚ್ಚಾದದ್ದು ಅಂಚಿನಿಂದ ಹೊರಬರುತ್ತದೆ. ತುಸು ಹೆಚ್ಚಾದರೆ ಗಲೀಜು ಅಷ್ಟೇ, ಕಡಿಮೆಯಾದರೆ ನಿಜವಾದ ನಷ್ಟ. ಗ್ಯಾಲಿಯಮ್ ಇರುವ ದ್ರವಲೋಹ ಮನೆಬಳಕೆಗೆ ಬೇಡವೇ ಬೇಡ: ಅಲ್ಯುಮಿನಿಯಮ್ ಕೂಲರನ್ನು ತಿಂದುಹಾಕುತ್ತದೆ, ಬೋರ್ಡಿನ ಮೇಲೆ ಒಂದು ಹನಿ ಬಿದ್ದರೆ ಶಾರ್ಟ್.

ಲ್ಯಾಪ್‌ಟಾಪಿನ ಲೆಕ್ಕ ಪೂರ್ತಿ ಬೇರೆ. ಅಲ್ಲಿ ಮುಚ್ಚಳವಿಲ್ಲ, ತಾಮ್ರದ ತಳ ನೇರವಾಗಿ ಸಿಲಿಕಾನ್ ಮೇಲೆ ಕೂರುತ್ತದೆ. ವಿಸ್ತೀರ್ಣ ಒಂದೂವರೆ ಚದರ ಸೆಂಟಿಮೀಟರ್ ಇದ್ದರೆ 45 ವಾಟಿಗೇ, 4ರ ಪೇಸ್ಟಿನಲ್ಲಿ ಪದರ ಸುಮಾರು 3.8 ಡಿಗ್ರಿ ತಿನ್ನುತ್ತದೆ. ಪೇಸ್ಟಿನ ಗುಣಮಟ್ಟಕ್ಕೆ ಬೆಲೆ ಕೊಡಬೇಕಾದ್ದು ಇಲ್ಲಿ. ಮತ್ತೆ, ಬಿಸಿಯಾಗಿ ತಣಿಯುವ ಪ್ರತಿ ಸಲವೂ ತೆಳುವಾದ ಪೇಸ್ಟ್ ಇಷ್ಟಿಷ್ಟೇ ಅಂಚಿಗೆ ಜರುಗುತ್ತ ಹೋಗುತ್ತದೆ. ಹಚ್ಚಿದ ವಾರ ಚೆನ್ನಾಗಿದ್ದದ್ದು ಕೆಲ ತಿಂಗಳಲ್ಲಿ ಹಳೆಯ ಸಂಖ್ಯೆಗೇ ಮರಳುತ್ತದೆ. ಅದಕ್ಕೇ ಈಗ ನಾನು ಲ್ಯಾಪ್‌ಟಾಪಿಗೆ ಬಳಸುವುದು ಹನಿವೆಲ್‌ನ ಪಿಟಿಎಂ7950 ಎಂಬ ಹಾಳೆಯನ್ನು. 45 ಡಿಗ್ರಿಯ ಸುಮಾರಿಗೆ ಮೆತ್ತಗಾಗಿ ತಗ್ಗುಗಳಿಗೆ ಇಳಿಯುವ ವಸ್ತು, ಜರುಗುವುದು ತೀರ ಕಡಿಮೆ. ಆದರೆ ಚೆನ್ನೈನ ಮೇ ತಿಂಗಳಲ್ಲಿ ಅದು ಕೈಯಲ್ಲೇ ಅಂಟಂಟಾಗಿ, ಮೇಲಿನ ಪ್ಲಾಸ್ಟಿಕ್ ಪೊರೆ ಬಿಡಿಸಲು ಹೋದರೆ ಹರಿಯುತ್ತದೆ. ಗಾಳಿ ಆಡದ ಜಿಪ್ ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿ ಕೆಲ ನಿಮಿಷ ಇಟ್ಟರೆ ಪೊರೆ ಸಲೀಸಾಗಿ ಬಿಡುತ್ತದೆ. ಕವರ್ ಇಲ್ಲದೆ ಇಟ್ಟರೆ ಈ ಊರಿನ ತೇವಕ್ಕೆ ಹೊರತೆಗೆದ ಕೂಡಲೇ ನೀರು ಕಟ್ಟುತ್ತದೆ.

ಬೆಸಂಟ್ ನಗರ, ತಿರುವಾನ್ಮಿಯೂರಿನ ಕಡಲ ಹತ್ತಿರದ ಮನೆಗಳಲ್ಲಿ ಪೇಸ್ಟಿಗಿಂತ ಮೊದಲು ನೋಡಬೇಕಾದ್ದು ಹೀಟ್‌ಸಿಂಕಿನ ರೆಕ್ಕೆಗಳನ್ನು. ಉಪ್ಪುಗಾಳಿಯ ತೇವಕ್ಕೆ ಧೂಳು ಅಂಟಿ ರೆಕ್ಕೆಗಳ ನಡುವೆ ಕಂಬಳಿಯಾಗಿ ಕೂತಿರುತ್ತದೆ. ಬರೀ ಊದಿದರೆ ಹೋಗದು, ಬ್ರಷ್ ಬೇಕು.

ಕೆಲಸ ಮುಗಿದ ಮೇಲೆ ಕ್ಯಾಬಿನೆಟ್ಟಿನ ಒಳಬದಿಗೆ ಒಂದು ಚೀಟಿ ಅಂಟಿಸುತ್ತೇನೆ: ತಾರೀಖು, ಪೇಸ್ಟಿನ ಹೆಸರು, ಕೋಣೆಯ ಉಷ್ಣತೆ, ಅರ್ಧ ಗಂಟೆ ಪೂರ್ತಿ ಭಾರದಲ್ಲಿ ಪ್ರೊಸೆಸರಿನ ಉಷ್ಣತೆ, ಎರಡರ ವ್ಯತ್ಯಾಸ. ನಾಕ್ಟುವಾ ತನ್ನ ಎನ್‌ಟಿ-ಎಚ್1ಗೆ ಪ್ರೊಸೆಸರಿನ ಮೇಲೆ ಐದು ವರ್ಷದವರೆಗೆ ಆಯುಸ್ಸು ಹೇಳುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ ಎನ್ನುವ ಅಂಗಡಿಯವರ ಮಾತಿಗಿಂತ ಚೀಟಿಯ ಮೇಲಿನ ವ್ಯತ್ಯಾಸವನ್ನೇ ನಂಬುತ್ತೇನೆ. ಅದು ಹತ್ತು ಡಿಗ್ರಿ ಹೆಚ್ಚಾದರೆ ಮೊದಲು ಧೂಳು ತೆಗೆದು ಅಳೆಯುತ್ತೇನೆ, ಆಮೇಲೆ ಕೂಲರ್ ಅಲುಗುತ್ತದೆಯೇ ಎಂದು ಪಿನ್ನು, ಸ್ಕ್ರೂ ನೋಡುತ್ತೇನೆ. ಅಷ್ಟಾದರೂ ಇಳಿಯದಿದ್ದರೆ ಮಾತ್ರ ಪೇಸ್ಟಿನ ಟ್ಯೂಬು ಹೊರಗೆ ಬರುತ್ತದೆ.