ಸ್ವತಂತ್ರ ವಿಡಿಯೋ ಆಟಗಳ ತಯಾರಿಕೆ: ಉದ್ಯಮ ಪ್ರವೇಶದ ಬಗೆ

ವಿಡಿಯೋ ಆಟವೆಂದರೆ ಮಕ್ಕಳ ಕಾಲಹರಣದ ಸಾಧನವೆಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಉಳಿದಿದೆ. ಆದರೆ ಇಂದು ಅದು ಚಿತ್ರಕಲೆ, ಸಂಗೀತ, ಕಥನ ಹಾಗೂ ಗಣಕ ವಿಜ್ಞಾನಗಳು ಒಂದೆಡೆ ಸೇರಿದ ಜಾಗತಿಕ ಉದ್ಯಮವಾಗಿದೆ. ದೊಡ್ಡ ಸಂಸ್ಥೆಗಳ ಹಣಬಲವಿಲ್ಲದೆ, ಒಬ್ಬರೇ ಅಥವಾ ಕೆಲವೇ ಮಂದಿ ಸೇರಿ, ತಮ್ಮ ಕಲ್ಪನೆಯ ಆಟವನ್ನು ತಯಾರಿಸಿ ಮಾರುಕಟ್ಟೆಗೆ ತರುವುದುಂಟು. ಅಂಥವರನ್ನು ಸ್ವತಂತ್ರ ತಯಾರಕರೆಂದು ಕರೆಯಲಾಗುತ್ತದೆ. ಈ ಹಾದಿ ಹಿಡಿಯಬಯಸುವ ತರುಣ ತರುಣಿಯರೂ ಅವರ ತಂದೆತಾಯಿಗಳೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ. ಹಲವು ವರ್ಷಗಳ ದುಡಿಮೆ ಮತ್ತು ಮನೆಯ ಉಳಿತಾಯ ಈ ನಿರ್ಧಾರವನ್ನು ಅವಲಂಬಿಸಿರುವುದರಿಂದ, ಲಾಭವನ್ನೂ ಅಪಾಯವನ್ನೂ ಸಮನಾಗಿ ತೂಗಿ ನೋಡುವುದು ಅಗತ್ಯ.

ಎರಡು ನಿದರ್ಶನಗಳು

ಅಮೆರಿಕದ ಎರಿಕ್ ಬರೋನ್ ಅವರು 2011ರಲ್ಲಿ ಗಣಕ ವಿಜ್ಞಾನದಲ್ಲಿ ಪದವಿ ಪಡೆದರು. ಬಯಸಿದ ಉದ್ಯೋಗ ದೊರೆಯದಿದ್ದಾಗ, ತಮ್ಮ ಕೌಶಲವನ್ನು ಬೆಳೆಸಿಕೊಳ್ಳುವ ಸಲುವಾಗಿ ಬೇಸಾಯದ ಬದುಕನ್ನು ಕುರಿತ ಆಟವೊಂದನ್ನು ಆರಂಭಿಸಿದರು. ಸಿಯಾಟಲ್ ನಗರದ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲಿಕ ಕೆಲಸ ಮತ್ತು ಸಂಗಾತಿಯ ಸಂಪಾದನೆ ಅವರ ಜೀವನೋಪಾಯಕ್ಕೆ ಆಧಾರವಾಗಿದ್ದವು. ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದು, ಚಿತ್ರ, ಸಂಗೀತ, ಸಂಭಾಷಣೆ, ಪ್ರೋಗ್ರಾಂ ರಚನೆ ಎಲ್ಲವನ್ನೂ ಒಬ್ಬರೇ ನಿರ್ವಹಿಸಿದರು. 2016ರ ಫೆಬ್ರವರಿ 26ರಂದು ಬಿಡುಗಡೆಯಾದ ಆ ಆಟವೇ ‘ಸ್ಟಾರ್‌ಡ್ಯೂ ವ್ಯಾಲಿ’. 2024ರ ಅಂತ್ಯದ ವೇಳೆಗೆ ಅದರ 4 ಕೋಟಿಗೂ ಅಧಿಕ ಪ್ರತಿಗಳು ಮಾರಾಟವಾಗಿದ್ದವು.

ಎರಡನೆಯ ನಿದರ್ಶನ ನಮ್ಮ ದೇಶದ್ದೇ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡವು ಅಸುರರು ಅಪಹರಿಸಿದ ತಮ್ಮನನ್ನು ಅರಸುತ್ತ ಹೊರಡುವ ಬಾಲಕಿಯ ಕಥೆಯನ್ನು ‘ರಾಜಿ’ ಎಂಬ ಆಟವಾಗಿ ರೂಪಿಸಿತು. ಸಾರ್ವಜನಿಕರಿಂದ ಮುಂಗಡವಾಗಿ ಹಣ ಸಂಗ್ರಹಿಸಲು 2017ರಲ್ಲಿ ಆ ತಂಡ ನಡೆಸಿದ ಪ್ರಯತ್ನ ಗುರಿ ಮುಟ್ಟಲಿಲ್ಲ. ಆದರೂ ಕೆಲಸ ನಿಲ್ಲದೆ, 2020ರಲ್ಲಿ ಆಟ ಬಿಡುಗಡೆಯಾಯಿತು. ಅದೇ ವರ್ಷದ ‘ದಿ ಗೇಮ್ ಅವಾರ್ಡ್ಸ್’ ಪ್ರಶಸ್ತಿಗಳಲ್ಲಿ ಉತ್ತಮ ಚೊಚ್ಚಲ ಸ್ವತಂತ್ರ ಆಟದ ವಿಭಾಗಕ್ಕೆ ಅದು ನಾಮನಿರ್ದೇಶನಗೊಂಡಿತು.

ಇವು ಗೆದ್ದವರ ಕಥೆಗಳೆಂಬುದನ್ನು ಮರೆಯಬಾರದು. ಗಣಕಯಂತ್ರದ ಆಟಗಳ ಪ್ರಮುಖ ಮಾರಾಟ ತಾಣವಾದ ‘ಸ್ಟೀಮ್’ನಲ್ಲಿ 2024ರೊಂದರಲ್ಲೇ 18 ಸಾವಿರಕ್ಕೂ ಹೆಚ್ಚು ಆಟಗಳು ಬಿಡುಗಡೆಯಾದವು. ಅವುಗಳಲ್ಲಿ ಬಹುಪಾಲು ಆಟಗಳು ಜನರ ಕಣ್ಣಿಗೆ ಬೀಳಲೇ ಇಲ್ಲ.

ಕಲಿಕೆಯ ಮೊದಲ ಹೆಜ್ಜೆಗಳು

ಆಟವನ್ನು ಕಟ್ಟಲು ನೆರವಾಗುವ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎಂದು ಹೆಸರು. ಗೊಡೋ ಎಂಬುದು ಮುಕ್ತ ತಂತ್ರಾಂಶವಾಗಿದ್ದು, ಶುಲ್ಕವನ್ನಾಗಲಿ ಗೌರವಧನವನ್ನಾಗಲಿ ಕೇಳುವುದಿಲ್ಲ. ಅನ್ರಿಯಲ್ ಎಂಜಿನ್ ಬಳಸಿದ ಆಟದ ಒಟ್ಟು ವರಮಾನವು 10 ಲಕ್ಷ ಡಾಲರು ದಾಟಿದ ಬಳಿಕ, ಹೆಚ್ಚುವರಿ ಮೊತ್ತದ ಮೇಲೆ ಸಾಮಾನ್ಯವಾಗಿ ಶೇಕಡಾ 5ರಷ್ಟು ಪಾಲು ಕೊಡಬೇಕು. ಯೂನಿಟಿ ಸಂಸ್ಥೆಯು 2023ರ ಸೆಪ್ಟೆಂಬರ್‌ನಲ್ಲಿ ಪ್ರತಿ ಅಳವಡಿಕೆಗೂ ಶುಲ್ಕ ವಿಧಿಸುವುದಾಗಿ ಘೋಷಿಸಿ, ತೀವ್ರ ವಿರೋಧದ ನಂತರ 2024ರಲ್ಲಿ ಅದನ್ನು ಕೈಬಿಟ್ಟಿತು. ಒಪ್ಪಂದದ ನಿಬಂಧನೆಗಳನ್ನು ಓದಿಯೇ ಎಂಜಿನ್ ಆರಿಸಿಕೊಳ್ಳಬೇಕೆಂಬುದು ಇದರಿಂದ ತಿಳಿಯುವ ಪಾಠ.

ಮೊದಲನೆಯ ಆಟವು ಕೆಲವು ವಾರಗಳಲ್ಲಿ ಮುಗಿಯುವಷ್ಟು ಚಿಕ್ಕದಾಗಿರಲಿ. ದೊಡ್ಡ ಆಟವನ್ನು ಅರ್ಧಕ್ಕೆ ಬಿಡುವುದಕ್ಕಿಂತ ಚಿಕ್ಕ ಆಟವನ್ನು ಪೂರ್ಣಗೊಳಿಸುವುದು ಹೆಚ್ಚು ಕಲಿಸುತ್ತದೆ. ತಯಾರಾದ ಮಾದರಿಯನ್ನು ಅಪರಿಚಿತರ ಕೈಗೆ ಕೊಟ್ಟು, ಏನನ್ನೂ ವಿವರಿಸದೆ, ಅವರು ಎಲ್ಲಿ ಎಡವುತ್ತಾರೆಂಬುದನ್ನು ಗಮನಿಸಬೇಕು. ನೆಂಟರಿಷ್ಟರ ಹೊಗಳಿಕೆಯನ್ನು ಮಾರುಕಟ್ಟೆಯ ತೀರ್ಪೆಂದು ಭಾವಿಸಲಾಗದು.

ಮಾರಾಟದ ಲೆಕ್ಕಾಚಾರ

ಸ್ಟೀಮ್‌ನಲ್ಲಿ ಪ್ರತಿ ಆಟಕ್ಕೆ 100 ಡಾಲರು ಶುಲ್ಕ ಪಾವತಿಸಬೇಕು. ಹೊಸ ತಯಾರಕರು ಶುಲ್ಕ ಪಾವತಿಸಿದ 30 ದಿನಗಳ ನಂತರವೇ ಆಟವನ್ನು ಬಿಡುಗಡೆ ಮಾಡಬಹುದು. ಬಿಡುಗಡೆಗೆ ಹಲವು ತಿಂಗಳ ಮೊದಲೇ ಆಟದ ಪರಿಚಯ ಪುಟವನ್ನು ತೆರೆದು ಆಸಕ್ತರನ್ನು ಸೇರಿಸಿಕೊಳ್ಳುವುದು ಲೇಸು. ಖರೀದಿಸಿದ 14 ದಿನಗಳೊಳಗೆ, ಆಡಿದ ಅವಧಿ ಎರಡು ಗಂಟೆ ಮೀರದಿದ್ದರೆ, ಗ್ರಾಹಕರು ಹಣ ಹಿಂಪಡೆಯಬಹುದೆಂಬುದನ್ನೂ ನೆನಪಿಡಬೇಕು.

ಒಂದು ಉದಾಹರಣೆಯನ್ನು ನೋಡೋಣ. 500 ರೂಪಾಯಿ ಬೆಲೆಯ ಆಟದ 1,000 ಪ್ರತಿಗಳು ಮಾರಾಟವಾದವೆಂದು ಇಟ್ಟುಕೊಂಡರೆ ಒಟ್ಟು 5 ಲಕ್ಷ ರೂಪಾಯಿ ಬರುತ್ತದೆ. ಮಾರಾಟ ತಾಣದ ಶೇಕಡಾ 30ರ ಪಾಲು ಕಳೆದರೆ ಉಳಿಯುವುದು 3.5 ಲಕ್ಷ. ಮೂವರು ಎರಡು ವರ್ಷ ದುಡಿದಿದ್ದರೆ ತಲಾ ಒಬ್ಬರಿಗೆ ತಿಂಗಳಿಗೆ ದೊರೆಯುವುದು ಸುಮಾರು 4,860 ರೂಪಾಯಿ ಮಾತ್ರ. ತೆರಿಗೆ, ರಿಯಾಯಿತಿ ಮತ್ತು ಮರುಪಾವತಿಗಳು ಇದರಲ್ಲಿ ಇನ್ನೂ ಸೇರಿಲ್ಲ. ಉದ್ಯೋಗಕ್ಕೆ ರಾಜೀನಾಮೆ ನೀಡುವ ಮುನ್ನ ಪ್ರತಿಯೊಬ್ಬರೂ ಇಂಥದೊಂದು ಲೆಕ್ಕವನ್ನು ಕಾಗದದ ಮೇಲೆ ಬರೆದು ನೋಡಬೇಕು.

ಕಾನೂನಿನ ಅಂಶಗಳು

1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಗಣಕ ಪ್ರೋಗ್ರಾಂಗೆ ಸಾಹಿತ್ಯ ಕೃತಿಯಂತೆಯೇ ರಕ್ಷಣೆ ಉಂಟು. ಗೆಳೆಯರೊಬ್ಬರು ಆಟಕ್ಕೆ ಸಂಗೀತ ರಚಿಸಿಕೊಟ್ಟರೆ, ಅದರ ಹಕ್ಕನ್ನು ಸಹಿಯುಳ್ಳ ಬರಹದ ಮೂಲಕವೇ ಪಡೆಯಬೇಕು. ಆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಹಕ್ಕು ಐದು ವರ್ಷಗಳಿಗೆ ಮಾತ್ರ ವರ್ಗವಾಗುತ್ತದೆ; ಪ್ರದೇಶವನ್ನು ಹೇಳದಿದ್ದರೆ ಅದು ಭಾರತಕ್ಕೆ ಸೀಮಿತವಾಗುತ್ತದೆ. ಜಗತ್ತಿನಾದ್ಯಂತ ಮಾರಾಟವಾಗಬೇಕಾದ ಆಟಕ್ಕೆ ಈ ಲೋಪ ಮುಳುವಾಗಬಲ್ಲದು.

ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣಕ್ಕಾಗಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನೊಂದನ್ನು ಅಂಗೀಕರಿಸಿತು. ಹಣ ಗೆಲ್ಲುವ ಆಸೆಯಿಂದ ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು, ಅವು ಕೌಶಲವನ್ನೇ ಆಧರಿಸಿದ್ದರೂ, ಅದು ನಿಷೇಧಿಸುತ್ತದೆ. ಇಂಥ ಆಟಗಳನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಿದೆ. ಪಣವಿಲ್ಲದ, ಬೆಲೆ ತೆತ್ತು ಕೊಂಡು ಆಡುವ ಸಾಮಾನ್ಯ ಆಟಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ.

ವಿವೇಕದ ಮಾರ್ಗ

ಮೊದಲು ಬಿಡುವಿನ ವೇಳೆಯಲ್ಲಿ ಒಂದೆರಡು ಚಿಕ್ಕ ಆಟಗಳನ್ನು ಮುಗಿಸಬೇಕು. ಬಳಿಕ ಮಾರಾಟಕ್ಕೆ ತಕ್ಕ ಆಟವೊಂದರ ಮಾದರಿ ಸಿದ್ಧಪಡಿಸಿ, ಜನರ ಆಸಕ್ತಿ ಕಂಡುಬಂದರೆ ಮಾತ್ರ ಮುಂದುವರಿಯಬೇಕು. ಇಷ್ಟು ತಿಂಗಳು, ಇಷ್ಟು ಹಣ ಎಂಬ ಮಿತಿಯನ್ನು ಮನೆಯವರೊಡನೆ ಕುಳಿತು ಮೊದಲೇ ನಿಗದಿಪಡಿಸಿಕೊಳ್ಳಬೇಕು. ಸಾಲ ಮಾಡಿ ಆ ಮಿತಿಯನ್ನು ಮೀರಬಾರದು. ಪೂರ್ಣಗೊಂಡ ಆಟ ಲಾಭ ತರದಿದ್ದರೂ, ಉದ್ಯೋಗ ಅರಸುವಾಗ ಅದು ಸಾಮರ್ಥ್ಯದ ಪ್ರತ್ಯಕ್ಷ ಸಾಕ್ಷಿಯಾಗುತ್ತದೆ. ಹೀಗೆ ಅಳೆದು ತೂಗಿ ಹೆಜ್ಜೆಯಿಟ್ಟವರಿಗೆ ಮೊದಲ ಸೋಲು ಕೊನೆಯ ಸೋಲಾಗಬೇಕಿಲ್ಲ. ಮುಂದಿನ ಪ್ರಯತ್ನಕ್ಕೆ ಬೇಕಾದ ಅನುಭವವೂ ಶಕ್ತಿಯೂ ಅವರಲ್ಲಿ ಉಳಿದಿರುತ್ತವೆ.